ವಾಯ್ಸ್‌ಮೇಲ್ ಇಮೇಲ್‌ಗೆ ಬರಬೇಕೆಂದರೆ: ಸಣ್ಣ ಆಫೀಸಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಿನ ಫೋನಿಗೆ ಕರೆ ಬಂತು. ಯಾರೂ ಎತ್ತಲಿಲ್ಲ. ಕರೆ ಮಾಡಿದವರು ನಾಲ್ಕು ಮಾತು ಹೇಳಿ ಫೋನ್ ಇಟ್ಟರು. ಆ ನಾಲ್ಕು ಮಾತು ಸರಿಯಾದವರ ಕಿವಿಗೆ ಬೇಗ ಬೀಳಬೇಕು, ವಿಷಯ ಇಷ್ಟೇ. ಐದರಿಂದ ಐವತ್ತು ಎಕ್ಸ್‌ಟೆನ್ಷನ್ (ಆಫೀಸಿನ ಒಳಗಿನ ಫೋನ್ ನಂಬರ್) ಇರುವ ಆಫೀಸುಗಳಲ್ಲಿ ಇದನ್ನು ಕೂರಿಸಿಕೊಡುವಾಗ ಜನ ನನ್ನನ್ನು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ತಲೆಗೆ ಕೆಲಸ ಕೊಡುವಂಥದ್ದು. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿಕೊಂಡರೂ ಸಾಕು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಕಾಡುವುದು ಫೋನ್ ಅಲ್ಲ, ಮೇಲ್. ರೆಕಾರ್ಡಿಂಗ್ ಅರ್ಧ ಗಂಟೆಯಲ್ಲಿ ಸಿದ್ಧವಾಗುತ್ತದೆ. ಉಳಿದ ದಿನವೆಲ್ಲಾ ಹೋಗುವುದು ಆ ಮೇಲ್ ಹೊರಗೆ ಹೋಗುವಂತೆ ಮಾಡುವುದಕ್ಕೆ.

## ಶುರು ಮಾಡುವ ಮುಂಚೆ

ಫೋನಲ್ಲೇ ವಾಯ್ಸ್‌ಮೇಲ್ ಇದೆಯಲ್ಲ, ಅದು ಸಾಲದಾ?

ನೀವು ದಿನವಿಡೀ ಅದೇ ಮೇಜಿನ ಮುಂದೆ ಕೂತಿದ್ದರೆ ಸಾಕು. ಆದರೆ ಹಾಗೆ ಕೂರುವವರು ಕಡಿಮೆ. ಒಂದು ಆಫೀಸಿನಲ್ಲಿ ಮೂಲೆಯ ಮೇಜಿನ ಫೋನಿನ ಮೇಲೆ ಫೈಲುಗಳ ರಾಶಿ ಬಿದ್ದಿತ್ತು. ಎತ್ತಿ ನೋಡಿದರೆ ಅಡಿಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಹದಿನಾಲ್ಕು ಮೆಸೇಜ್ ಇದ್ದವು. ಆ ಮೇಜಿನವರು ಕೆಲಸ ಬಿಟ್ಟು ಹೋಗಿ ಒಂದು ತಿಂಗಳಾಗಿತ್ತು. ಕೊನೆಯ ಮೂರು ಮೆಸೇಜ್ ಒಬ್ಬರೇ ಹೆಂಗಸಿನದು. ಮೊದಲನೆಯದರಲ್ಲಿ ವಿನಯ, ಎರಡನೆಯದರಲ್ಲಿ ಆತಂಕ, ಮೂರನೆಯದರಲ್ಲಿ ಬರೀ ನಂಬರ್ ಹೇಳಿ ಇಟ್ಟಿದ್ದರು.

ಇಮೇಲ್‌ಗೆ ಕಳಿಸುವ ವ್ಯವಸ್ಥೆ ಇದ್ದರೆ ಪಿಬಿಎಕ್ಸ್ (ಆಫೀಸಿನ ಫೋನ್‌ಗಳನ್ನೆಲ್ಲಾ ಜೋಡಿಸುವ ಯಂತ್ರ) ಆ ಮಾತನ್ನು ಒಂದು ಆಡಿಯೋ ಫೈಲ್ ಮಾಡಿ, ಮೇಲ್‌ಗೆ ಅಟ್ಯಾಚ್ ಮಾಡಿ ಕಳಿಸುತ್ತದೆ. ಯಾರು, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡ್ ಮಾತಾಡಿದರು ಎಂಬುದೂ ಜೊತೆಗೇ ಬರುತ್ತದೆ. ಹೊರಗಿದ್ದರೂ ಮೊಬೈಲ್‌ನಲ್ಲೇ ಕೇಳಬಹುದು.

ನಮ್ಮ ಹಳೇ ಇಂಟರ್‌ಕಾಮ್ ಬಾಕ್ಸ್‌ನಲ್ಲಿ ಇದು ಆಗುತ್ತಾ?

ಬಾಕ್ಸಿನ ಹಿಂದೆ ನೆಟ್‌ವರ್ಕ್ ಕೇಬಲ್ ಹಾಕುವ ಜಾಗ ಇದೆಯಾ, ಸೆಟ್ಟಿಂಗ್‌ನಲ್ಲಿ ಎಸ್‌ಎಂಟಿಪಿ (ಮೇಲ್ ಕಳಿಸುವ ಪದ್ಧತಿಯ ಹೆಸರು) ಎಂಬ ಪದ ಇದೆಯಾ ನೋಡಿ. ಎರಡೂ ಇದ್ದರೆ ಬಹುಪಾಲು ಆಗುತ್ತದೆ. ಹಳೆಯ ಅನಲಾಗ್ ಬಾಕ್ಸ್‌ಗಳಲ್ಲಿ ಎಷ್ಟೋ ಸಲ ವಾಯ್ಸ್‌ಮೇಲ್ ಕಾರ್ಡ್ ಬೇರೆ ಕೊಳ್ಳಬೇಕು, ಅದರಲ್ಲೂ ಮೇಲ್ ಸೌಲಭ್ಯ ಇರಲೇಬೇಕೆಂದಿಲ್ಲ. ಹಾಗಿದ್ದಲ್ಲಿ ಆ ಬಾಕ್ಸಿಗೆ ಜಾಸ್ತಿ ದುಡ್ಡು ಸುರಿಯಬೇಡಿ ಅನ್ನುವುದು ನನ್ನ ಸಲಹೆ.

ಕಂಪ್ಯೂಟರ್ ನೆಟ್‌ವರ್ಕ್ ಮೇಲೆ ಕರೆ ನಡೆಸುವ ಐಪಿ ಪಿಬಿಎಕ್ಸ್ ಆದರೆ ಚಿಂತೆಯಿಲ್ಲ. ಆಸ್ಟೆರಿಸ್ಕ್, ಫ್ರೀಪಿಬಿಎಕ್ಸ್, 3ಸಿಎಕ್ಸ್, ಗ್ರ್ಯಾಂಡ್‌ಸ್ಟ್ರೀಮ್, ಯೀಸ್ಟಾರ್ ಎಲ್ಲದರಲ್ಲೂ ಇದು ಇದೆ. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಆಸ್ಟೆರಿಸ್ಕ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟ ಮೇಲೆ ದೊಡ್ಡ ಕಂಪನಿಗಳಿಗಷ್ಟೇ ಇದ್ದ ಇಂಥ ಸೌಲಭ್ಯ ಒಂದು ಹಳೆಯ ಕಂಪ್ಯೂಟರ್‌ನಲ್ಲೂ ಓಡುವಂತಾಯಿತು. ಅದರ ಋಣ ನಮ್ಮಂಥವರ ಮೇಲೆ ದೊಡ್ಡದು.

ಕ್ಲೌಡ್ ಫೋನ್ ಸೇವೆ ತೆಗೆದುಕೊಂಡವರಿಗೆ ಇನ್ನೂ ಸುಲಭ. ಎಕ್ಸ್‌ಟೆನ್ಷನ್ ಪಕ್ಕ ಇಮೇಲ್ ವಿಳಾಸ ಬರೆದು ಒಂದು ಟಿಕ್ ಹಾಕಿದರೆ ಆಯಿತು. ಮೇಲ್ ಕಳಿಸುವ ತಲೆನೋವು ಸೇವೆ ಕೊಡುವವರದ್ದು.

ಕೂರುವ ಮುಂಚೆ ಏನೇನು ಕೈಯಲ್ಲಿ ಇಟ್ಟುಕೊಳ್ಳಬೇಕು?

ಪಿಬಿಎಕ್ಸ್‌ನ ಅಡ್ಮಿನ್ ಪಾಸ್‌ವರ್ಡ್. ಮೇಲ್ ಸರ್ವರ್‌ನ ಹೆಸರು, ಪೋರ್ಟ್ ನಂಬರ್ (ಸರ್ವರ್‌ನ ಯಾವ ಬಾಗಿಲಿಗೆ ಹೋಗಬೇಕು ಎಂಬುದು), ಯೂಸರ್‌ನೇಮ್, ಪಾಸ್‌ವರ್ಡ್. ಯಾವ ಎಕ್ಸ್‌ಟೆನ್ಷನ್ ಯಾರದ್ದು, ಅವರ ಇಮೇಲ್ ಯಾವುದು ಎಂಬ ಪಟ್ಟಿ. ಈ ಪಟ್ಟಿ ಮಾಡುವಾಗಲೇ ಅರ್ಧ ಸಮಸ್ಯೆ ಗೊತ್ತಾಗುತ್ತದೆ. ಕೆಲಸ ಬಿಟ್ಟವರ ಹೆಸರು, ಯಾರದ್ದೂ ಅಲ್ಲದ ಎಕ್ಸ್‌ಟೆನ್ಷನ್, ಒಂದಕ್ಷರ ತಪ್ಪಿರುವ ವಿಳಾಸ, ಎಲ್ಲಾ ಅಲ್ಲೇ ಸಿಗುತ್ತವೆ.

ಇನ್ನೊಂದು: ಪಿಬಿಎಕ್ಸ್‌ಗೆ ಇಂಟರ್ನೆಟ್ ಮತ್ತು ಡಿಎನ್‌ಎಸ್ (ಸರ್ವರ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಸರಿಯಾಗಿ ಸಿಗುತ್ತಿದೆಯಾ ನೋಡಿಕೊಳ್ಳಿ. ಒಳಗಿನ ಕರೆಗಳಿಗೆ ಇಂಟರ್ನೆಟ್ ಬೇಕಿಲ್ಲದ ಕಾರಣ ಎಷ್ಟೋ ಬಾಕ್ಸ್‌ಗಳಲ್ಲಿ ಹೊರಗೆ ಹೋಗುವ ದಾರಿಯಾದ ಗೇಟ್‌ವೇಯ ವಿಳಾಸವನ್ನೇ ಯಾರೂ ತುಂಬಿರುವುದಿಲ್ಲ.

ಸದ್ಯಕ್ಕೆ ನನ್ನ ಮೇಲ್ ಅಕೌಂಟನ್ನೇ ಹಾಕಿಬಿಡ್ಲಾ?

ಬೇಡ. "ಸದ್ಯಕ್ಕೆ" ಅಂತ ಹಾಕಿದ್ದು ಹಾಗೇ ಉಳಿದುಬಿಡುತ್ತದೆ. ನೀವು ಪಾಸ್‌ವರ್ಡ್ ಬದಲಿಸಿದ ದಿನ ಇಡೀ ಆಫೀಸಿನ ವಾಯ್ಸ್‌ಮೇಲ್ ನಿಲ್ಲುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಪಿಬಿಎಕ್ಸ್‌ಗೆ ಅಂತಲೇ ಒಂದು ಬೇರೆ ಅಕೌಂಟ್ ಮಾಡಿ. ಅದರ ಪಾಸ್‌ವರ್ಡ್ ಬೇರೆ ಎಲ್ಲೂ ಬಳಸಬೇಡಿ.

## ಕೂರಿಸುವಾಗ

ಪೋರ್ಟ್ 25, 465, 587 ಅಂತ ಮೂರಿವೆ. ಯಾವುದು ಹಾಕಬೇಕು?

465 ಅಥವಾ 587. 25 ಬೇಡ.

25 ಇರುವುದು ಒಂದು ಮೇಲ್ ಸರ್ವರ್ ಇನ್ನೊಂದಕ್ಕೆ ಮೇಲ್ ದಾಟಿಸಲು. ಸ್ಪ್ಯಾಮ್ ತಡೆಯಲೆಂದು ಬಹಳಷ್ಟು ಇಂಟರ್ನೆಟ್ ಕಂಪನಿಗಳು ಅದನ್ನು ಮುಚ್ಚಿಟ್ಟಿವೆ. ನಿಮ್ಮಂಥ ಕಚೇರಿ ತನ್ನ ಮೇಲನ್ನು ತನ್ನ ಸರ್ವರ್‌ಗೆ ಒಪ್ಪಿಸಲು ಇರುವುದು ಉಳಿದೆರಡು. 465ರಲ್ಲಿ ಸಂಪರ್ಕ ಶುರುವಾಗುವಾಗಲೇ ಟಿಎಲ್‌ಎಸ್ ಬೀಗ (ದಾರಿಯಲ್ಲಿ ಯಾರೂ ಓದದಂತೆ ಮಾಡುವ ಗೂಢಲಿಪಿ) ಬಿದ್ದಿರುತ್ತದೆ. 587ರಲ್ಲಿ ಮೊದಲು ಬೀಗವಿಲ್ಲದೆ ಶುರುವಾಗಿ, ಸ್ಟಾರ್ಟ್‌ಟಿಎಲ್‌ಎಸ್ ಎಂಬ ಆದೇಶ ಕೊಟ್ಟ ಮೇಲೆ ಬೀಗ ಬೀಳುತ್ತದೆ. ಇವೆರಡನ್ನು ಅದಲುಬದಲು ಮಾಡಿದರೆ ಎಷ್ಟೋ ಸಲ ಪರದೆ ಮೇಲೆ ಏನೂ ಹೇಳದೆ ಸಂಪರ್ಕ ಸುಮ್ನೆ ನೇತಾಡುತ್ತದೆ, ಒಂದೆರಡು ನಿಮಿಷ ಬಿಟ್ಟು "ಟೈಮ್‌ಔಟ್" ಅನ್ನುತ್ತದೆ. ಹಾಗಾದರೆ ಪೋರ್ಟ್ ನಂಬರ್ ಒಂದನ್ನೇ ನೋಡಬೇಡಿ, ಪಕ್ಕದಲ್ಲಿರುವ ಎನ್‌ಕ್ರಿಪ್ಷನ್ ಆಯ್ಕೆಯನ್ನೂ ನೋಡಿ. 2018ರ ಆರ್‌ಎಫ್‌ಸಿ 8314 ಎಂಬ ಮಾನದಂಡ 465ರ ಪದ್ಧತಿಯನ್ನೇ ಮೇಲು ಎಂದಿದೆ. ಎರಡೂ ಸಿಕ್ಕರೆ ನಾನು ಅದನ್ನೇ ಹಾಕುತ್ತೇನೆ.

ಪಾಸ್‌ವರ್ಡ್ ನೂರಕ್ಕೆ ನೂರು ಸರಿ ಇದೆ, ಆದ್ರೂ ಜಿಮೇಲ್ ಒಳಗೆ ಬಿಡ್ತಿಲ್ಲ!

ಪಾಸ್‌ವರ್ಡ್ ಸರಿ ಇದ್ದರೂ ಬಿಡುವುದಿಲ್ಲ. ಬರೀ ಪಾಸ್‌ವರ್ಡ್‌ನಿಂದ ಒಳಬರುವ ದಾರಿಯನ್ನು ಗೂಗಲ್ ಸಾಮಾನ್ಯ ಅಕೌಂಟ್‌ಗಳಿಗೆ 2022ರ ಮೇ 30ರಿಂದ ಮುಚ್ಚಿತು. ಈಗ ಮಾಡಬೇಕಾದ್ದು ಹೀಗೆ. ಆ ಅಕೌಂಟ್‌ನಲ್ಲಿ ಎರಡು ಹಂತದ ಪರಿಶೀಲನೆ ಶುರು ಮಾಡಿ. ಆಮೇಲೆ "ಆ್ಯಪ್ ಪಾಸ್‌ವರ್ಡ್" ಒಂದನ್ನು ಹುಟ್ಟಿಸಿ. 16 ಅಕ್ಷರದ ಒಂದು ಸಾಲು ಸಿಗುತ್ತದೆ. ಅದನ್ನು ಪಿಬಿಎಕ್ಸ್‌ನಲ್ಲಿ ನಡುವೆ ಜಾಗ ಬಿಡದೆ ಹಾಕಿ. ನೆನಪಿರಲಿ, ಮುಂದೆ ಆ ಗೂಗಲ್ ಅಕೌಂಟ್‌ನ ಮುಖ್ಯ ಪಾಸ್‌ವರ್ಡ್ ಬದಲಿಸಿದರೆ ಆ್ಯಪ್ ಪಾಸ್‌ವರ್ಡ್ ಕೂಡ ರದ್ದಾಗುತ್ತದೆ. ಹೊಸದು ಹುಟ್ಟಿಸಬೇಕು.

ಮೈಕ್ರೋಸಾಫ್ಟ್ 365 ಬಳಸುವವರಿಗೆ ಬೇರೆ ಬೀಗ. ಅಲ್ಲಿ ಯಂತ್ರಗಳು ಲಾಗಿನ್ ಆಗಿ ಮೇಲ್ ಕಳಿಸುವ ಎಸ್‌ಎಂಟಿಪಿ ಆಥ್ ಎಂಬ ದಾರಿ ಬಹುಪಾಲು ಮೊದಲಿಗೇ ಮುಚ್ಚಿರುತ್ತದೆ. ಬೇಕಾದ ಒಂದು ಮೇಲ್‌ಬಾಕ್ಸ್‌ಗೆ ಮಾತ್ರ ತೆರೆಯಬೇಕು. ಅಲ್ಲೂ ಬರೀ ಪಾಸ್‌ವರ್ಡ್ ಪದ್ಧತಿಯನ್ನು ನಿಧಾನವಾಗಿ ಕೈಬಿಡುತ್ತಿದ್ದಾರೆ. ಹಾಗಾಗಿ ಹೊಸದಾಗಿ ಕೂರಿಸುವವರು ಪಿಬಿಎಕ್ಸ್‌ನಲ್ಲಿ ಓಆಥ್ (ಪಾಸ್‌ವರ್ಡ್ ಬದಲು ಅನುಮತಿ ಚೀಟಿಯಿಂದ ಒಳಬರುವ ಪದ್ಧತಿ) ಆಯ್ಕೆ ಇದ್ದರೆ ಅದನ್ನು ಬಳಸಿ. ಆಫೀಸಿಗೆ ಬದಲಾಗದ ಐಪಿ ವಿಳಾಸ ಇದ್ದರೆ ಆ ವಿಳಾಸದ ಮೇಲೆ ನಂಬಿಕೆ ಇಟ್ಟು ಮೇಲ್ ತೆಗೆದುಕೊಳ್ಳುವ "ಕನೆಕ್ಟರ್" ಮಾಡಿಕೊಳ್ಳಬಹುದು, ಪಾಸ್‌ವರ್ಡ್ ಗೊಡವೆಯೇ ಇರುವುದಿಲ್ಲ.

ಯಾವ ಆಡಿಯೋ ಫಾರ್ಮ್ಯಾಟ್ ಇಟ್ಟುಕೊಳ್ಳೋದು ಒಳ್ಳೇದು?

ಲೆಕ್ಕ ಒಂದು ಸಲ ಮಾಡಿಬಿಡೋಣ. ಸಾಮಾನ್ಯ ಫೋನ್ ಕರೆಯ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ. ಸಾದಾ ವೇವ್ ಫೈಲ್‌ನಲ್ಲಿ ಪ್ರತಿ ಅಳತೆಗೆ 2 ಬೈಟ್. ಅಂದರೆ ಸೆಕೆಂಡಿಗೆ 16,000 ಬೈಟ್, ನಿಮಿಷಕ್ಕೆ ಹೆಚ್ಚೂಕಡಿಮೆ 1 ಎಂಬಿ. ಅದೇ ಮಾತು ಜಿಎಸ್‌ಎಂ ರೀತಿಯಲ್ಲಿ ಕುಗ್ಗಿಸಿದರೆ ನಿಮಿಷಕ್ಕೆ ಸುಮಾರು 100 ಕೆಬಿ. ಹತ್ತರಲ್ಲಿ ಒಂದು ಪಾಲು.

ಲೆಕ್ಕ ನೋಡಿದರೆ ಜಿಎಸ್‌ಎಂ ಚೆಂದ ಅನಿಸುತ್ತದೆ, ಅಲ್ವಾ? ತೊಂದರೆ ಎಂದರೆ ಆಸ್ಟೆರಿಸ್ಕ್‌ನಲ್ಲಿ ವೇವ್49 ಅಂತ ಕರೆಯುವ ಆ ಫೈಲ್ ಕಂಪ್ಯೂಟರ್‌ನಲ್ಲಿ ಹಾಡುತ್ತದೆ, ಕೆಲವು ಮೊಬೈಲ್‌ಗಳಲ್ಲಿ ಹಾಡುವುದೇ ಇಲ್ಲ. ಮೇಲ್ ಬಂತು, ಒತ್ತಿದರೆ ಸದ್ದಿಲ್ಲ. ಆಗ ಜನ ವ್ಯವಸ್ಥೆಯ ಮೇಲಿನ ನಂಬಿಕೆಯನ್ನೇ ಬಿಡುತ್ತಾರೆ. ಅದಕ್ಕೇ ನಾನು ಎಂಪಿ3 ಇದ್ದರೆ ಎಂಪಿ3, ಇಲ್ಲದಿದ್ದರೆ ಸಾದಾ ವೇವ್ ಇಡುತ್ತೇನೆ. ಜಾಗ ಉಳಿಸಿ ಯಾರಿಗೂ ಕೇಳಿಸದಂತೆ ಮಾಡುವುದಕ್ಕಿಂತ ಒಂದು ಎಂಬಿ ಜಾಸ್ತಿ ಹೋಗಲಿ. ಕೊನೆಗೆ ಏನೇ ಇಟ್ಟರೂ ಆಫೀಸಿನಲ್ಲಿರುವ ಒಂದೊಂದು ಬಗೆಯ ಮೊಬೈಲ್‌ನಲ್ಲೂ ಒಮ್ಮೆ ಹಾಕಿ ಕೇಳಿ.

ಮೆಸೇಜ್ ಎಷ್ಟು ಉದ್ದ ಇರಬಹುದು?

ಮೂರು ನಿಮಿಷ ಸಾಕು. ಮೇಲ್‌ನಲ್ಲಿ ಹೋಗುವಾಗ ಫೈಲ್ ಮೂರನೇ ಒಂದು ಪಾಲು ಉಬ್ಬುತ್ತದೆ, ಅಟ್ಯಾಚ್‌ಮೆಂಟನ್ನು ಅಕ್ಷರಗಳಾಗಿ ಬದಲಿಸುವ ಪದ್ಧತಿಯೇ ಹಾಗೆ. ಮೂರು ನಿಮಿಷದ ವೇವ್ ಸುಮಾರು 4 ಎಂಬಿ ಆಗುತ್ತದೆ. ಜಿಮೇಲ್‌ನ ಮಿತಿ 25 ಎಂಬಿ, ಹಾಗಾಗಿ ಭಯವಿಲ್ಲ. ಕನಿಷ್ಠ ಉದ್ದವನ್ನೂ ಮೂರು ಸೆಕೆಂಡ್ ಅಂತ ಇಡಿ. ಬೀಪ್ ಕೇಳಿದ ಕೂಡಲೇ ಫೋನ್ ಇಟ್ಟವರ ಖಾಲಿ ಮೆಸೇಜ್‌ಗಳು ಬರುವುದು ನಿಲ್ಲುತ್ತದೆ.

ಬರುವ ಮೇಲ್‌ನಲ್ಲಿ ಏನೇನು ಕಾಣಿಸಬೇಕು?

ಸಬ್ಜೆಕ್ಟ್ ಸಾಲಿನಲ್ಲೇ ಕರೆ ಮಾಡಿದ ನಂಬರ್ ಮತ್ತು ಎಷ್ಟು ಸೆಕೆಂಡ್ ಎಂಬುದು ಇರಲಿ. "ನಿಮಗೆ ಹೊಸ ವಾಯ್ಸ್‌ಮೇಲ್ ಬಂದಿದೆ" ಅಂತ ಹತ್ತು ಮೇಲ್ ಒಂದೇ ಥರ ಇದ್ದರೆ ಯಾವುದನ್ನು ಮೊದಲು ತೆರೆಯಬೇಕೆಂದು ಗೊತ್ತಾಗುವುದಿಲ್ಲ. ಮೇಲ್‌ನ ಒಳಗೆ ದಿನ, ಸಮಯ, ಎಕ್ಸ್‌ಟೆನ್ಷನ್. ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದರೆ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಇದೆಯಾ ನೋಡಿ, ಇಲ್ಲದಿದ್ದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ಬರುತ್ತದೆ.

ಕಳಿಸುವವರ ವಿಳಾಸ ಯಾವಾಗಲೂ ಒಂದೇ ಇರಲಿ. ಆಗ ಮೇಲ್‌ನಲ್ಲಿ ಒಂದು ಫಿಲ್ಟರ್ ಹಾಕಿ ಎಲ್ಲಾ ವಾಯ್ಸ್‌ಮೇಲ್ ಒಂದೇ ಫೋಲ್ಡರ್‌ಗೆ ಬೀಳಿಸಿಕೊಳ್ಳಬಹುದು.

ಇಮೇಲ್ ಹೋದ ಮೇಲೆ ಪಿಬಿಎಕ್ಸ್‌ನಲ್ಲಿ ಅಳಿಸಿಬಿಡಬಹುದಲ್ವಾ? ಅದಕ್ಕೊಂದು ಆಯ್ಕೆ ಇದೆ.

ಆಯ್ಕೆ ಇದೆ. ಕೈಮುಗಿದು ಕೇಳುತ್ತೇನೆ, ಮೊದಲ ತಿಂಗಳು ಅದನ್ನು ಮುಟ್ಟಬೇಡಿ.

ಇದರ ಒಳಗುಟ್ಟು ತಿಳಿದುಕೊಳ್ಳಿ. "ಮೇಲ್ ಹೋಯಿತು" ಅಂತ ಪಿಬಿಎಕ್ಸ್ ಅಂದುಕೊಳ್ಳುವುದು ಯಾವಾಗ? ನಿಮ್ಮ ಇನ್‌ಬಾಕ್ಸ್ ಮುಟ್ಟಿದಾಗ ಅಲ್ಲ. ಆಸ್ಟೆರಿಸ್ಕ್‌ನಂಥ ವ್ಯವಸ್ಥೆ ಮೇಲನ್ನು ಅದೇ ಯಂತ್ರದಲ್ಲಿರುವ ಇನ್ನೊಂದು ಮೇಲ್ ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ಕೊಟ್ಟ ತಕ್ಷಣ ತನ್ನ ಕೆಲಸ ಮುಗಿಯಿತೆಂದು ರೆಕಾರ್ಡಿಂಗ್ ಅಳಿಸುತ್ತದೆ. ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ, ತಲುಪಿತೆಂದು ನಂಬಿ ಮನೆಯಲ್ಲಿದ್ದ ನಕಲು ಹರಿದುಹಾಕಿದ ಹಾಗೆ. ಡಬ್ಬಿಯಿಂದ ಮುಂದೆ ಏನಾಯಿತು ಅನ್ನುವುದು ಅದಕ್ಕೆ ಗೊತ್ತಿಲ್ಲ.

ನಾನು ಕೂರಿಸಿದ ಒಂದು ಕಡೆಯಲ್ಲೇ ಹೀಗಾಯಿತು. ಅಲ್ಲಿನವರು ಕೇಳಿದರೆಂದು ನಾನೇ ಅಳಿಸುವ ಆಯ್ಕೆ ಹಾಕಿಕೊಟ್ಟಿದ್ದೆ. ಕೆಲವು ತಿಂಗಳಾದ ಮೇಲೆ ಯಾರೋ ಮೇಲ್ ಅಕೌಂಟ್‌ನ ಪಾಸ್‌ವರ್ಡ್ ಬದಲಿಸಿದರು. ಮೇಲ್‌ಗಳೆಲ್ಲಾ ಒಳಗಿನ ಕ್ಯೂನಲ್ಲಿ ನಿಂತವು. ಪೋಸ್ಟ್‌ಫಿಕ್ಸ್ ಎಂಬ ಆ ಮೇಲ್ ಪ್ರೋಗ್ರಾಮ್ ಮೊದಲಿಂದ ಇರುವ ಲೆಕ್ಕದಲ್ಲಿ 5 ದಿನ ಪ್ರಯತ್ನ ಮಾಡಿ ಕೈಬಿಡುತ್ತದೆ. ಅದು ಹಾಗೇ ಕೈಬಿಟ್ಟಿತು. ನಾನು ಹೋಗಿ ನೋಡುವ ಹೊತ್ತಿಗೆ ಎರಡನೇ ವಾರ. ಕೊನೆಯ ಐದು ದಿನದ ಮೆಸೇಜ್‌ಗಳನ್ನು ಕ್ಯೂನಿಂದ ಹೊರಗೆ ತೆಗೆದೆ. ಅದಕ್ಕಿಂತ ಹಿಂದಿನವು ಪಿಬಿಎಕ್ಸ್‌ನಲ್ಲೂ ಇಲ್ಲ, ಮೇಲ್‌ನಲ್ಲೂ ಇಲ್ಲ. ಯಾರು ಏನು ಹೇಳಿದ್ದರೋ ಗೊತ್ತಾಗಲೇ ಇಲ್ಲ. ಕರೆಗಳ ದಾಖಲೆ ತೆಗೆದು, ವಾಯ್ಸ್‌ಮೇಲ್ ಮುಟ್ಟಿದ ಪ್ರತಿ ನಂಬರಿಗೂ ಕೂತು ಒಂದೊಂದಾಗಿ ಕರೆ ಮಾಡಿದೆವು.

ಆವತ್ತಿನಿಂದ ನನ್ನ ಪದ್ಧತಿ ಇದು: ಪಿಬಿಎಕ್ಸ್‌ನಲ್ಲಿ ನಕಲು ಇರಲಿ, 30 ದಿನ ದಾಟಿದ್ದನ್ನು ತಾನೇ ಅಳಿಸಲಿ. ಒಬ್ಬರ ವಾಯ್ಸ್‌ಮೇಲ್ ಬಾಕ್ಸ್ ತುಂಬಿ ಹೊಸ ಮೆಸೇಜ್ ತೆಗೆದುಕೊಳ್ಳದೆ ಹೋಗದಂತೆ ಒಂದು ವಾಯ್ಸ್‌ಮೇಲ್ ಬಾಕ್ಸ್‌ಗೆ ಎಷ್ಟು ಮೆಸೇಜ್ ಎಂಬ ಮಿತಿಯನ್ನೂ ನೋಡಿ. ಆಸ್ಟೆರಿಸ್ಕ್‌ನಲ್ಲಿ ಬದಲಿಸದಿದ್ದರೆ ಒಂದು ಫೋಲ್ಡರ್‌ಗೆ 100.

ಮೇಲ್‌ನಲ್ಲಿ ಕೇಳಿ ಆಯ್ತು, ಆದ್ರೂ ಫೋನಿನ ಕೆಂಪು ದೀಪ ಆರೋದೇ ಇಲ್ಲ.

ದೀಪಕ್ಕೆ ನಿಮ್ಮ ಮೇಲ್ ಗೊತ್ತಿಲ್ಲ. ಪಿಬಿಎಕ್ಸ್‌ನಲ್ಲಿ "ಕೇಳದ ಮೆಸೇಜ್ ಇದೆ" ಎಂದಿರುವ ತನಕ ಅದು ಫೋನಿಗೆ ಸೂಚನೆ ಕಳಿಸುತ್ತಲೇ ಇರುತ್ತದೆ. ಮೂರು ದಾರಿ ಇವೆ. ಮೇಲ್ ಕಳಿಸಿದ ಮೇಲೆ "ಕೇಳಿದ್ದು" ಅಂತ ಗುರುತು ಹಾಕುವ ಆಯ್ಕೆ ಕೆಲವು ವ್ಯವಸ್ಥೆಗಳಲ್ಲಿದೆ. ಇದ್ದರೆ ಅದೇ ಒಳ್ಳೆಯದು, ನಕಲೂ ಉಳಿಯುತ್ತದೆ, ದೀಪವೂ ಆರುತ್ತದೆ. ಇಲ್ಲದಿದ್ದರೆ ಫೋನ್‌ನಲ್ಲೇ ದೀಪದ ಸೂಚನೆ ನಿಲ್ಲಿಸಬಹುದು. ಮೂರನೆಯದು, ಐಮ್ಯಾಪ್ (ಸರ್ವರ್‌ನಲ್ಲೇ ಇಟ್ಟು ಮೇಲ್ ಓದುವ ಪದ್ಧತಿ) ಮೂಲಕ ಪಿಬಿಎಕ್ಸ್ ಮತ್ತು ಮೇಲ್‌ಬಾಕ್ಸ್ ಒಂದೇ ಜಾಗದಿಂದ ಮೆಸೇಜ್ ಓದುವಂತೆ ಜೋಡಿಸುವುದು. ಅದು ಚೆನ್ನ, ಆದರೆ ಸಣ್ಣ ಆಫೀಸಿಗೆ ಅಷ್ಟು ಕೆಲಸ ಬೇಕಾಗಿಲ್ಲ.

ಒಂದೇ ನಂಬರ್, ನೋಡಿಕೊಳ್ಳೋರು ಮೂರು ಜನ. ಮೂವರಿಗೂ ಕಳಿಸಿಬಿಡ್ಲಾ?

ಕಳಿಸಬಹುದು, ಆದರೆ ಬೇಡ. ಮೂವರಿಗೂ ಮೇಲ್ ಬಂದರೆ ಪ್ರತಿಯೊಬ್ಬರೂ "ಅವರು ನೋಡಿರ್ತಾರೆ ಬಿಡು" ಅಂದುಕೊಳ್ಳುತ್ತಾರೆ. ಅಥವಾ ಮೂವರೂ ಕರೆ ಮಾಡಿ ಗ್ರಾಹಕರಿಗೆ ಕಿರಿಕಿರಿ ಕೊಡುತ್ತಾರೆ. ಮೂವರೂ ತೆರೆಯಬಲ್ಲ ಒಂದು ಹಂಚಿಕೆಯ ಮೇಲ್‌ಬಾಕ್ಸ್ ಮಾಡಿ. ವಾಪಸ್ ಕರೆ ಮಾಡಿದವರು ಆ ಮೇಲನ್ನು "ಮುಗಿದದ್ದು" ಎಂಬ ಫೋಲ್ಡರ್‌ಗೆ ಎಳೆಯಬೇಕು. ಇನ್‌ಬಾಕ್ಸ್‌ನಲ್ಲಿ ಉಳಿದದ್ದೆಲ್ಲಾ ಇನ್ನೂ ಕಾಯುತ್ತಿರುವ ಜನ. ಯಾವ ದಿನ ಯಾರ ಸರದಿ ಅನ್ನುವುದನ್ನು ಬಾಯಿಮಾತಲ್ಲಿ ಬಿಡದೆ ಬರೆದಿಡಿ. ಯಂತ್ರ ತಲುಪಿಸುತ್ತದೆ, ಉತ್ತರ ಕೊಡುವುದು ಮನುಷ್ಯರೇ.

## ಕೈಕೊಟ್ಟಾಗ

ಟೆಸ್ಟ್ ಮೇಲ್ ಬಂತು, ನಿಜವಾದ ವಾಯ್ಸ್‌ಮೇಲ್ ಮಾತ್ರ ಬರ್ತಿಲ್ಲ. ಯಾಕೆ?

ಎರಡೂ ಒಂದೇ ದಾರಿಯಲ್ಲಿ ಹೋಗುತ್ತವೆ ಅಂದುಕೊಂಡರೆ ತಪ್ಪು. ಹೆಚ್ಚಾಗಿ ಸಿಗುವ ಕಾರಣ ಕಳಿಸುವವರ ವಿಳಾಸ. ಟೆಸ್ಟ್ ಮೇಲ್ ಹೋಗುವುದು ನೀವು ತುಂಬಿದ ಅಕೌಂಟ್ ಹೆಸರಲ್ಲಿ. ವಾಯ್ಸ್‌ಮೇಲ್ ಹೋಗುವುದು ವಾಯ್ಸ್‌ಮೇಲ್ ಸೆಟ್ಟಿಂಗ್‌ನಲ್ಲಿ ಮೊದಲಿನಿಂದ ಇದ್ದ ಯಾವುದೋ ವಿಳಾಸದ ಹೆಸರಲ್ಲಿ. "ಈ ಅಕೌಂಟ್‌ನಿಂದ ಬಂದು ಬೇರೆಯವರ ಹೆಸರು ಹೇಳುತ್ತಿದ್ದೀಯಾ" ಅಂತ ಸರ್ವರ್ ವಾಪಸ್ ಕಳಿಸುತ್ತದೆ. ಎರಡೂ ಕಡೆ ಒಂದೇ ವಿಳಾಸ ಹಾಕಿ.

ಅದಲ್ಲದಿದ್ದರೆ ಆ ಎಕ್ಸ್‌ಟೆನ್ಷನ್ ಪಕ್ಕದ ಇಮೇಲ್ ಜಾಗ ಖಾಲಿ ಇದೆಯಾ, ಅಟ್ಯಾಚ್ ಮಾಡುವ ಟಿಕ್ ಬಿದ್ದಿದೆಯಾ ನೋಡಿ. ಆಮೇಲೂ ಆಗದಿದ್ದರೆ ಮೇಲ್ ಲಾಗ್ (ಕಳಿಸಿದ ಪ್ರತಿ ಮೇಲ್‌ಗೆ ಏನಾಯಿತು ಎಂಬ ದಾಖಲೆ) ತೆರೆಯಿರಿ. ಅದರಲ್ಲಿ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. 535 ಅಂದರೆ ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ಒಪ್ಪಲಿಲ್ಲ. 552 ಅಂದರೆ ಗಾತ್ರ ಅಥವಾ ಜಾಗದ ಮಿತಿ ಮೀರಿತು. 550 ಅಂದರೆ ವಿಳಾಸ ಇಲ್ಲ, ಅಥವಾ ನಿಮ್ಮನ್ನು ತಡೆದಿದ್ದಾರೆ. 4ರಿಂದ ಶುರುವಾದರೆ "ಈಗ ಬೇಡ, ಆಮೇಲೆ ಬಾ". 5ರಿಂದ ಶುರುವಾದರೆ "ಬರಲೇಬೇಡ". ಊಹೆ ಮಾಡುತ್ತಾ ಅರ್ಧ ದಿನ ಕಳೆಯುವ ಬದಲು ಮೊದಲು ಈ ಸಾಲು ಓದುವುದನ್ನು ರೂಢಿ ಮಾಡಿಕೊಳ್ಳಿ.

ಬರುತ್ತೆ, ಆದ್ರೆ ಸ್ಪ್ಯಾಮ್‌ಗೆ ಹೋಗಿ ಬೀಳುತ್ತೆ.

ಯೋಚಿಸಿ: ಅಪರಿಚಿತ ಯಂತ್ರದಿಂದ, ಒಂದೇ ಮಾದರಿಯ ಎರಡು ಸಾಲು, ಜೊತೆಗೊಂದು ಫೈಲ್. ಸ್ಪ್ಯಾಮ್ ನೋಡುವವರ ಕಣ್ಣಿಗೆ ಇದು ಅನುಮಾನದ ಗಿರಾಕಿಯೇ. ಅದಕ್ಕೆ ಮೂರು ಗುರುತು ಬೇಕು. ನಮ್ಮ ಡೊಮೇನ್ (ಮೇಲ್ ವಿಳಾಸದಲ್ಲಿ @ ಆದ ಮೇಲಿನ ಭಾಗ) ಹೆಸರಲ್ಲಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಎಂದು ಎಸ್‌ಪಿಎಫ್ ಸಾರುತ್ತದೆ. ಡಿಕಿಮ್ ಪ್ರತಿ ಮೇಲ್‌ಗೂ ಮುದ್ರೆ ಒತ್ತುತ್ತದೆ. ಇವು ತಾಳೆಯಾಗದಿದ್ದರೆ ಏನು ಮಾಡಬೇಕೆಂದು ಡಿಮಾರ್ಕ್ ಹೇಳುತ್ತದೆ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ವಿಷಯದಲ್ಲಿ ಬಿಗಿಯಾಗಿವೆ.

ಪಿಬಿಎಕ್ಸ್ ನಿಮ್ಮ ಆಫೀಸಿನ ಮೇಲ್ ಸರ್ವರ್ ಮೂಲಕವೇ, ಅದೇ ಡೊಮೇನ್‌ನ ವಿಳಾಸದಿಂದ ಕಳಿಸಿದರೆ ಆ ಗುರುತುಗಳು ತಾವಾಗಿಯೇ ಸಿಗುತ್ತವೆ. ತಾನೇ ನೇರ ಕಳಿಸಲು ಹೋದಾಗಲೇ ಗೋಳು. ಎಸ್‌ಪಿಎಫ್‌ಗೆ ಹೊಸ ಸಾಲು ಸೇರಿಸುವವರು ಒಂದು ಎಚ್ಚರ ಇಟ್ಟುಕೊಳ್ಳಿ. ಒಂದು ಡೊಮೇನ್‌ಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಎರಡು ಹಾಕಿದರೆ ಎರಡೂ ಕೆಟ್ಟವು.

ಕೆಲವು ಮೆಸೇಜ್ ಬರುತ್ತೆ, ಕೆಲವು ಬರೋದೇ ಇಲ್ಲ. ಲೆಕ್ಕಕ್ಕೇ ಸಿಗ್ತಿಲ್ಲ.

ಕೆಲವು ಮೇಲ್ ಸರ್ವರ್‌ಗಳು ಪರಿಚಯವಿಲ್ಲದವರನ್ನು ಮೊದಲ ಸಲ ಬೇಕೆಂದೇ ವಾಪಸ್ ಕಳಿಸುತ್ತವೆ, ಸ್ವಲ್ಪ ಹೊತ್ತು ಬಿಟ್ಟು ಬಂದರೆ ಒಳಗೆ ಬಿಡುತ್ತವೆ. ಇದಕ್ಕೆ ಗ್ರೇಲಿಸ್ಟಿಂಗ್ ಎನ್ನುತ್ತಾರೆ. ಸ್ಪ್ಯಾಮ್ ಕಳಿಸುವವರಿಗೆ ಮತ್ತೆ ಬರುವ ತಾಳ್ಮೆ ಇರುವುದಿಲ್ಲ ಎಂಬ ಲೆಕ್ಕಾಚಾರ ಅದು. ದುರದೃಷ್ಟಕ್ಕೆ ಕೆಲವು ಸಣ್ಣ ಪಿಬಿಎಕ್ಸ್ ಬಾಕ್ಸ್‌ಗಳಿಗೂ ಆ ತಾಳ್ಮೆ ಇಲ್ಲ. ಒಂದು ಸಲ ತಟ್ಟಿ, ಬಾಗಿಲು ತೆರೆಯದಿದ್ದರೆ ಮೇಲ್ ಬಿಸಾಕುತ್ತವೆ. ಪರಿಹಾರ: ಕ್ಯೂ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುವ ಒಂದು ಮೇಲ್ ಸರ್ವರ್ ಮೂಲಕ ಕಳಿಸಿ.

ತಿಂಗಳ ಕೊನೆಯಲ್ಲಿ, ಕರೆ ಜಾಸ್ತಿ ಇರುವ ದಿನಗಳಲ್ಲೇ ತಪ್ಪುತ್ತಿದ್ದರೆ ದಿನದ ಮಿತಿಯ ಕಡೆ ನೋಡಿ. ಸಾಮಾನ್ಯ ಜಿಮೇಲ್ ಅಕೌಂಟ್‌ಗೆ ದಿನಕ್ಕೆ 500ರ ಮಿತಿ ಇದೆ. ಒಂದು ಮೇಲ್ ನಾಲ್ಕು ಜನಕ್ಕೆ ಹೋದರೆ ಅದು ನಾಲ್ಕು ಲೆಕ್ಕ.

ತೆರೆದರೆ ಮೂರು ನಿಮಿಷ ಬರೀ ಟೂಂ ಟೂಂ ಶಬ್ದ. ಮಾತೇ ಇಲ್ಲ.

ಇದು ಅನಲಾಗ್ ಲೈನ್ ಇರುವವರ ಸಂಕಟ. ಇದರಲ್ಲಿ ಮೇಲ್‌ನ ತಪ್ಪಿಲ್ಲ.

ಕರೆ ಮಾಡಿದವರು ಫೋನ್ ಇಟ್ಟರು. ಆದರೆ ಇಟ್ಟರು ಅನ್ನುವ ಸುದ್ದಿ ನಿಮ್ಮ ಪಿಬಿಎಕ್ಸ್‌ಗೆ ಬರಬೇಕಲ್ಲ? ಡಿಜಿಟಲ್ ಅಥವಾ ಸಿಪ್ (ಇಂಟರ್ನೆಟ್ ಮೂಲಕ ಕರೆ) ಲೈನ್‌ನಲ್ಲಿ ಅದಕ್ಕೊಂದು ಸಂದೇಶ ಬರುತ್ತದೆ. ತಾಮ್ರದ ತಂತಿಯ ಲೈನ್‌ನಲ್ಲಿ ಎಷ್ಟೋ ಸಲ ಬರೀ ಬಿಜಿ ಟೋನ್ ಬರುತ್ತದೆ, ಅಷ್ಟೇ. ಪಿಬಿಎಕ್ಸ್ ಅದನ್ನೂ ಮಾತು ಎಂದುಕೊಂಡು ಶ್ರದ್ಧೆಯಿಂದ ರೆಕಾರ್ಡ್ ಮಾಡುತ್ತದೆ. ಅಷ್ಟು ಹೊತ್ತೂ ಲೈನ್ ಸಿಕ್ಕಿಕೊಂಡಿರುತ್ತದೆ, ಬೇರೆಯವರಿಗೆ ಬಿಜಿ. ಒಂದೇ ಲೈನ್ ಇರುವ ಆಫೀಸಿನಲ್ಲಿ ಇದು ಸಣ್ಣ ತೊಂದರೆಯಲ್ಲ.

ಮೊದಲು ಟೆಲಿಫೋನ್ ಕಂಪನಿಯವರನ್ನು ಕೇಳಿ, ಕರೆ ಮುಗಿದಾಗ ಲೈನ್‌ನಲ್ಲಿ ಪೋಲಾರಿಟಿ (ವಿದ್ಯುತ್ತಿನ ಪ್ಲಸ್-ಮೈನಸ್) ತಿರುಗಿಸುವ ಸೌಲಭ್ಯ ಕೊಡುತ್ತಾರಾ ಅಂತ. ಕೊಟ್ಟರೆ ಪಿಬಿಎಕ್ಸ್‌ನಲ್ಲಿ ಅದನ್ನು ಗುರುತಿಸುವ ಆಯ್ಕೆ ಹಾಕಿ, ರೋಗ ಬೇರು ಸಮೇತ ಹೋಗುತ್ತದೆ. ಕೊಡದಿದ್ದರೆ ಬಿಜಿ ಟೋನ್ ಗುರುತಿಸುವ ಆಯ್ಕೆ. ಅದಕ್ಕೆ ನಿಮ್ಮ ಲೈನ್‌ನ ಟೋನ್ ಎಷ್ಟು ಹೊತ್ತು ಕೂಗಿ ಎಷ್ಟು ಹೊತ್ತು ಸುಮ್ಮನಿರುತ್ತದೆ ಎಂದು ಹೇಳಿಕೊಡಬೇಕು. ಆ ಲೆಕ್ಕ ಹುಡುಕಲು ಬೇರೆಲ್ಲೂ ಹೋಗಬೇಕಿಲ್ಲ. ನಿಮಗೆ ಬಂದಿರುವ ಆ ಟೂಂ ಟೂಂ ಫೈಲನ್ನೇ ಆಡಾಸಿಟಿಯಂಥ ಪ್ರೋಗ್ರಾಮಿನಲ್ಲಿ ತೆರೆಯಿರಿ. ಬೇಲಿ ಗೂಟಗಳ ಹಾಗೆ ಶಬ್ದ, ಖಾಲಿ, ಶಬ್ದ, ಖಾಲಿ ಅಂತ ಸಾಲಾಗಿ ಕಾಣುತ್ತದೆ. ಒಂದು ಗೂಟದ ಅಗಲ, ಒಂದು ಖಾಲಿಯ ಅಗಲ ಅಳೆದುಕೊಂಡು ಮಿಲಿಸೆಕೆಂಡ್‌ನಲ್ಲಿ ತುಂಬಿ. ತೀರಾ ಕಡಿಮೆ ಎಣಿಕೆಗೇ ಕರೆ ಕತ್ತರಿಸುವಂತೆ ಇಡಬೇಡಿ, ಮಾತಾಡುತ್ತಿರುವವರ ಕರೆಯೇ ಕಡಿದುಹೋಗಬಹುದು. ನಾನು ನಾಲ್ಕು ಟೋನ್‌ನಿಂದ ಶುರು ಮಾಡಿ ಬೇಕಾದರೆ ಏರಿಸುತ್ತೇನೆ. ಜೊತೆಗೆ ಹತ್ತು ಸೆಕೆಂಡ್ ಮೌನವಿದ್ದರೆ ರೆಕಾರ್ಡಿಂಗ್ ನಿಲ್ಲಿಸುವ ಸೆಟ್ಟಿಂಗ್ ಹಾಕಿ.

ಯಾರೂ ಎತ್ತದಿದ್ರೆ ಮೊಬೈಲ್‌ಗೆ ಹೋಗೋ ಹಾಗೆ ಮಾಡಿದ್ದೇವೆ. ಆಮೇಲಿಂದ ಆಫೀಸ್ ವಾಯ್ಸ್‌ಮೇಲ್ ಬರೋದೇ ನಿಂತಿದೆ.

ಆ ಮೊಬೈಲ್‌ನ ಸ್ವಂತ ವಾಯ್ಸ್‌ಮೇಲ್ ಕರೆಯನ್ನು ಎತ್ತಿಕೊಳ್ಳುತ್ತಿದೆ. ಪಿಬಿಎಕ್ಸ್ ಲೆಕ್ಕದಲ್ಲಿ ಯಾರೋ ಎತ್ತಿದರು, ಕೆಲಸ ಮುಗಿಯಿತು. ಮೆಸೇಜ್‌ಗಳು ಅಲ್ಲಿ ಬಿದ್ದಿರಬಹುದು, ಮೊದಲು ಹೋಗಿ ಕೇಳಿ. ಆಮೇಲೆ "ಕರೆ ತೆಗೆದುಕೊಳ್ಳಲು 1 ಒತ್ತಿ" ಎಂಬ ಆಯ್ಕೆ ಹಾಕಿ. ಯಂತ್ರ 1 ಒತ್ತುವುದಿಲ್ಲವಾದ್ದರಿಂದ ಕರೆ ಆಫೀಸಿನ ವಾಯ್ಸ್‌ಮೇಲ್‌ಗೆ ವಾಪಸ್ ಬರುತ್ತದೆ.

ಮೇಲ್‌ನಲ್ಲಿ ತೋರಿಸುವ ಸಮಯ ತಪ್ಪಾಗಿದೆ. ಇದೇನು ದೊಡ್ಡ ವಿಷಯಾನಾ?

ದೊಡ್ಡದೇ. ಇಂಟರ್ನೆಟ್‌ನಿಂದ ಸರಿಯಾದ ಸಮಯ ಕೊಡುವ ಎನ್‌ಟಿಪಿ ಸರ್ವರ್ ಮತ್ತು ಟೈಮ್‌ಝೋನ್ ಎರಡನ್ನೂ ಸರಿ ಮಾಡಿ. ಗಡಿಯಾರ ತೀರಾ ಹಿಂದೆ ಬಿದ್ದರೆ ಮೇಲ್ ಸರ್ವರ್‌ನ ಪ್ರಮಾಣಪತ್ರ ಇನ್ನೂ ಶುರುವಾಗಿಲ್ಲ ಎಂದು ಬಗೆದು ಪಿಬಿಎಕ್ಸ್ ಸಂಪರ್ಕವನ್ನೇ ಮುರಿಯುತ್ತದೆ. ಕರೆಂಟ್ ಹೋಗಿ ಬಂದ ಮೇಲೆ ವಾಯ್ಸ್‌ಮೇಲ್ ನಿಂತಿದೆ ಎಂದರೆ ನಾನು ಮೊದಲು ನೋಡುವುದು ಗಡಿಯಾರವನ್ನೇ.

## ಇನ್ನೂ ಮುಂದಕ್ಕೆ

ಮಾತನ್ನು ಅಕ್ಷರ ಮಾಡಿ ಮೇಲ್‌ನಲ್ಲೇ ಓದೋ ಹಾಗೆ ಮಾಡಬಹುದಾ?

ಮಾಡಬಹುದು. 2022ರಲ್ಲಿ ಓಪನ್‌ಎಐ ಬಿಟ್ಟ ವಿಸ್ಪರ್‌ನಂಥ ಪ್ರೋಗ್ರಾಮನ್ನು ನಿಮ್ಮದೇ ಯಂತ್ರದಲ್ಲಿ ಓಡಿಸಬಹುದು, ಧ್ವನಿ ಹೊರಗೆ ಹೋಗುವುದಿಲ್ಲ. ಕ್ಲೌಡ್ ಸೇವೆಗಳೂ ಇವೆ. ಆದರೆ ಸಾಮಾನ್ಯ ಫೋನ್ ಲೈನ್ ಸುಮಾರು 300ರಿಂದ 3,400 ಹರ್ಟ್ಸ್‌ನಷ್ಟೇ ಧ್ವನಿಯನ್ನು ದಾಟಿಸುತ್ತದೆ. "ಸ" ಮತ್ತು "ಫ"ಗಳ ಚೂಪಾದ ಸದ್ದು ಅದಕ್ಕಿಂತ ಮೇಲಿರುತ್ತದೆ, ಅದು ದಾರಿಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಹೆಸರು ತಪ್ಪುತ್ತದೆ, ಊರು ತಪ್ಪುತ್ತದೆ, ನಂಬರ್‌ನ ಒಂದಂಕಿ ತಪ್ಪುತ್ತದೆ. ಎರಡು ಭಾಷೆ ಬೆರೆಸಿ ಮಾತಾಡಿದರೆ ಇನ್ನೂ ಜಾಸ್ತಿ. ಯಾವುದನ್ನು ಮೊದಲು ಕೇಳಬೇಕೆಂದು ತೀರ್ಮಾನಿಸಲು ಅಕ್ಷರ ಒಳ್ಳೆಯದು. ಅದನ್ನೇ ನಂಬಿ ಉತ್ತರ ಕೊಡಬೇಡಿ. ಆಡಿಯೋ ಫೈಲ್ ಜೊತೆಗೆ ಇರಲೇಬೇಕು.

ಗ್ರಾಹಕರ ಮಾತು ಮೇಲ್‌ನಲ್ಲಿ ಓಡಾಡುತ್ತೆ. ಇದು ಸುರಕ್ಷಿತಾನಾ?

ಟಿಎಲ್‌ಎಸ್ ಹಾಕಿದ್ದರೆ ದಾರಿಯಲ್ಲಿ ಕದಿಯುವುದು ಕಷ್ಟ. ಅಪಾಯ ಇರುವುದು ಎರಡು ತುದಿಗಳಲ್ಲಿ. ಇನ್‌ಬಾಕ್ಸ್‌ಗೆ ಎರಡು ಹಂತದ ಪರಿಶೀಲನೆ ಇರಲಿ. ಯಾರ ಮೇಲ್ ಆದರೂ ಸ್ವಂತ ಅಕೌಂಟ್‌ಗೆ ತಾನಾಗಿ ಫಾರ್ವರ್ಡ್ ಆಗುತ್ತಿದೆಯಾ ನೋಡಿ. ಆಸ್ಪತ್ರೆ, ವಕೀಲರ ಕಚೇರಿಯಂಥ ಕಡೆ ಧ್ವನಿಯನ್ನು ಅಟ್ಯಾಚ್ ಮಾಡದೆ "ಮೆಸೇಜ್ ಬಂದಿದೆ" ಎಂಬ ಸೂಚನೆ ಮಾತ್ರ ಕಳಿಸಿ, ಕೇಳುವುದನ್ನು ಪಿಬಿಎಕ್ಸ್‌ನಲ್ಲೇ ಇಡುವುದು ಮೇಲು.

ಪಿನ್ ಮರೆಯಬೇಡಿ. ಮೇಲ್‌ಗೆ ಬರುತ್ತಿದೆ ಎಂದು ವಾಯ್ಸ್‌ಮೇಲ್‌ನ ಪಿನ್ ಯಾರೂ ಬದಲಿಸುವುದಿಲ್ಲ. ಎಕ್ಸ್‌ಟೆನ್ಷನ್ ನಂಬರ್ರೇ ಪಿನ್ ಆಗಿರುತ್ತದೆ, ಇಲ್ಲವೇ 1234. ಬ್ರಿಟನ್‌ನಲ್ಲಿ ಪತ್ರಿಕೆಯವರು ಜನರ ವಾಯ್ಸ್‌ಮೇಲ್ ಕದ್ದು ಕೇಳಿದ ಹಗರಣದಲ್ಲಿ, ಯಾರೂ ಬದಲಿಸದ ಇಂಥ ಪಿನ್‌ಗಳೂ ದಾರಿ ಮಾಡಿಕೊಟ್ಟಿದ್ದವು. 168 ವರ್ಷದ ನ್ಯೂಸ್ ಆಫ್ ದಿ ವರ್ಲ್ಡ್ ಪತ್ರಿಕೆ 2011ರ ಜುಲೈನಲ್ಲಿ ಮುಚ್ಚಿದ್ದು ಆ ಹಗರಣದಿಂದಲೇ. ವಾಯ್ಸ್‌ಮೇಲ್ ಒಳಗಿನಿಂದ ಹೊರಗಿನ ನಂಬರ್‌ಗೆ ಕರೆ ಮಾಡುವ ಆಯ್ಕೆ ಇದ್ದರೆ ಮುಚ್ಚಿ. ಪಿನ್ ಊಹಿಸಿದ ಕಳ್ಳರು ನಿಮ್ಮ ಲೈನ್‌ನಿಂದ ರಾತ್ರಿಯಿಡೀ ವಿದೇಶಕ್ಕೆ ಕರೆ ಮಾಡಿದರೆ ಬಿಲ್ ಬರುವುದು ನಿಮಗೆ.

ಎಲ್ಲಾ ಸರಿಯಾಗಿ ನಡೀತಿದೆ ಅಂತ ನಂಗೆ ಗೊತ್ತಾಗೋದು ಹೇಗೆ?

ಮೇಲ್ ಬರದೆ ಇರುವುದಕ್ಕೂ ಕರೆಯೇ ಬರದೆ ಇರುವುದಕ್ಕೂ ಹೊರಗಿನಿಂದ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ನೀವೇ ಮೆಸೇಜ್ ಬಿಡಿ. ಸೋಮವಾರ ಬೆಳಿಗ್ಗೆ ಆಫೀಸ್ ತೆರೆಯುವ ಮುಂಚೆ ಹೊರಗಿನ ಫೋನ್‌ನಿಂದ ಕರೆ ಮಾಡಿ, ಅಂದಿನ ತಾರೀಖು ಹೇಳಿ ಇಡಿ. ಹತ್ತು ನಿಮಿಷದಲ್ಲಿ ಮೇಲ್ ಬರಬೇಕು, ಮೊಬೈಲ್‌ನಲ್ಲಿ ಕೇಳಿಸಬೇಕು. ಬರಲಿಲ್ಲವೆಂದರೆ ಆವತ್ತೇ ನೋಡಿ.

ಕಳಿಸುವ ವಿಳಾಸಕ್ಕೆ ವಾಪಸ್ ಬರುವ ಮೇಲ್‌ಗಳನ್ನೂ ಯಾರಾದರೂ ಓದಲಿ. ತಲುಪದ ಮೇಲ್‌ಗಳ ಸುದ್ದಿ ಅಲ್ಲಿಗೇ ಬರುವುದು. ರಜೆಯಲ್ಲಿರುವವರ ತಾನಾಗಿ ಹೋಗುವ ಉತ್ತರವೂ ಅಲ್ಲಿಗೇ ಬಂದು ಬೀಳುತ್ತದೆ, ಅದಕ್ಕೆ ಈ ಅಕೌಂಟ್‌ನಲ್ಲಿ ಮಾತ್ರ ತಾನಾಗಿ ಉತ್ತರಿಸುವ ಸೌಲಭ್ಯ ಹಾಕಬೇಡಿ, ಎರಡೂ ಒಂದಕ್ಕೊಂದು ಉತ್ತರ ಕೊಡುತ್ತಾ ಕೂರಬಹುದು. ಯಾರಾದರೂ ಕೆಲಸ ಬಿಟ್ಟಾಗ ಬೀಗದ ಕೈ ವಾಪಸ್ ತೆಗೆದುಕೊಳ್ಳುವ ಪಟ್ಟಿಯಲ್ಲೇ ಇನ್ನೊಂದು ಸಾಲು ಸೇರಿಸಿ: ಅವರ ಎಕ್ಸ್‌ಟೆನ್ಷನ್‌ನ ಇಮೇಲ್ ಬದಲಿಸುವುದು, ಬಾಕ್ಸ್‌ನಲ್ಲಿ ಉಳಿದ ಮೆಸೇಜ್ ಕೇಳುವುದು, ಸ್ವಾಗತದ ಧ್ವನಿಯಲ್ಲಿರುವ ಅವರ ಹೆಸರು ತೆಗೆಯುವುದು.